ಸೆಕೆಯ ನಾಡಿಗೆ ಹೊರಡುವ ಮುನ್ನ

ಉಮ್ರಾಕ್ಕೆ ಹೋಗಿ ಬಂದವರನ್ನು, ಗಲ್ಫ್‌ನಲ್ಲಿ ಕೆಲವು ವರ್ಷ ಸಂಸಾರ ಮಾಡಿ ಬಂದವರನ್ನು ಮಾತಿಗೆಳೆದು ನೋಡಿ. ‘ಬಿಸಿಲು ಅಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ’ ಎನ್ನುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಮಕ್ಕಾದ ಬಿಸಿಲನ್ನು ಕಂಡವಳಿಗೆ ಮಲೇಷ್ಯಾ ಯಾವ ಲೆಕ್ಕ? ಅಲ್ಲಿ ಮಳೆಯಿದೆ, ಕಾಡಿದೆ, ಹಸಿರಿದೆ ಎಂಬ ಧೈರ್ಯ. ಆದರೆ ಬಿಸಿಲು ಬೇರೆ, ಸೆಕೆ ಬೇರೆ. ರಾಯಚೂರಿನ ಸಹೋದರಿಗೆ ಬಿಸಿಲು ಗೊತ್ತು, ಮಂಗಳೂರಿನ ಸಹೋದರಿಗೆ ಸೆಕೆ ಗೊತ್ತು. ಒಣ ಬಿಸಿಲಿನಲ್ಲಿ ಬೆವರು ಬಂದಷ್ಟೇ ಬೇಗ ಆರುತ್ತದೆ, ಆರುವಾಗ ಮೈಯ ಶಾಖವನ್ನೂ ಕೊಂಡೊಯ್ಯುತ್ತದೆ. ಸೆಕೆಯಲ್ಲಿ ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಹರಿಯುತ್ತದೆ ಅಷ್ಟೆ. ಮೈ ತಂಪಾಗುವುದಿಲ್ಲ. ಈ ಒಂದು ವ್ಯತ್ಯಾಸ ತಿಳಿದರೆ ಸೂಟ್‌ಕೇಸಿನಲ್ಲಿ ಏನಿಡಬೇಕು, ಏನು ಬೇಡ ಎಂಬುದರಲ್ಲಿ ಅರ್ಧ ತಾನಾಗಿಯೇ ತೀರ್ಮಾನವಾಗುತ್ತದೆ.

ಕೌಲಾಲಂಪುರ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 3 ಡಿಗ್ರಿಯಲ್ಲಿದೆ. ಅಲ್ಲಿಗೆ ಚಳಿಗಾಲವೆಂಬುದಿಲ್ಲ. ವರ್ಷವಿಡೀ ಹಗಲು 32-33 ಡಿಗ್ರಿ, ರಾತ್ರಿ 23-24 ಡಿಗ್ರಿ. ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಸುರಿದು ನಿಲ್ಲುವುದು ಅಲ್ಲಿ ಮಾಮೂಲು. ನಮ್ಮ ಕರಾವಳಿಯ ಮೇ ತಿಂಗಳ ಕೊನೆಯ ವಾರವನ್ನು ಹನ್ನೆರಡು ತಿಂಗಳಿಗೆ ಎಳೆದರೆ ಹೇಗಿರುತ್ತದೋ ಹಾಗೆ.

ನನ್ನ ತಮ್ಮ ಅಲ್ಲಿ ಕೆಲಸದಲ್ಲಿದ್ದಾನೆ. ಬಹಳ ದಿನಗಳಿಂದ ಕರೆಯುತ್ತಿದ್ದ. 2024ರ ಮೇ ತಿಂಗಳಲ್ಲಿ ಶಾಲೆಯ ರಜೆಯಲ್ಲಿ ನಾನು, ಪತಿ, ಕಾಲೇಜಿಗೆ ಹೋಗುವ ಮಗಳು ಮತ್ತು ಅರುವತ್ತೆಂಟು ದಾಟಿದ ಉಮ್ಮ ಹೊರಟೆವು. ಉಮ್ಮನಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ಬೆಳಿಗ್ಗೆ ಮತ್ತು ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಹೊರಡುವ ಹಿಂದಿನ ದಿನ ಅವರ ಔಷಧಗಳನ್ನೆಲ್ಲ ಒಂದೇ ಡಬ್ಬಿಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿ, ಒಡೆಯದಂತೆ ಬಟ್ಟೆಗಳ ನಡುವೆ ದೊಡ್ಡ ಸೂಟ್‌ಕೇಸಿನಲ್ಲಿಟ್ಟೆ. ನನ್ನ ಅಚ್ಚುಕಟ್ಟುತನದ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಆಯಿತು.

ರಾತ್ರಿ ಪಕ್ಕದ ಮನೆಯವರು ವಿದಾಯ ಹೇಳಲು ಬಂದರು. ಹತ್ತು ವರ್ಷ ಗಲ್ಫ್‌ನಲ್ಲಿದ್ದವರು, ವಿಮಾನ ಹತ್ತಿ ಇಳಿದು ಪಳಗಿದವರು. ಸೂಟ್‌ಕೇಸ್ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, “ಟೀಚರ್, ಉಮ್ಮನ ಇನ್ಸುಲಿನ್ ಎಲ್ಲಿಟ್ಟಿದ್ದೀರಿ?”

“ಇದರೊಳಗೇ ಇದೆ. ದ್ರವವನ್ನು ಕೈಯಲ್ಲಿ ಕೊಂಡುಹೋಗಲು ಬಿಡುವುದಿಲ್ಲವಂತಲ್ಲ?”

“ನೂರು ಮಿಲಿಯ ಆ ನಿಯಮ ಶಾಂಪೂವಿಗೆ, ಅತ್ತರಿಗೆ. ಔಷಧಕ್ಕೆ ರಿಯಾಯಿತಿ ಇದೆ, ಡಾಕ್ಟರರ ಚೀಟಿ ಜೊತೆಗಿರಲಿ. ಮೊದಲು ಅದನ್ನು ಹೊರಗೆ ತೆಗೆಯಿರಿ. ಈ ಸೂಟ್‌ಕೇಸ್ ನಿಮ್ಮ ಜೊತೆಗೇ ಬಂದಿಳಿಯುತ್ತದೆ ಎಂದು ಯಾರು ಹೇಳಿದರು ನಿಮಗೆ?”

ಇನ್ಸುಲಿನ್‌ಗೆ ಇನ್ನೊಂದು ಅಪಾಯವೂ ಇದೆ. ವಿಮಾನದ ಹೊಟ್ಟೆಯಲ್ಲಿ, ಸಾಮಾನು ತುಂಬುವ ಜಾಗದಲ್ಲಿ, ಅತಿಯಾದ ಚಳಿಯಾಗಬಹುದು. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿದರೂ ಉಪಯೋಗಕ್ಕಿಲ್ಲ, ಎಸೆಯಬೇಕು. ನಾನು ಇನ್ಸುಲಿನ್ ಮತ್ತು ಸೂಜಿಗಳನ್ನು ಹೊರತೆಗೆದು ಕೈಚೀಲಕ್ಕೆ ಹಾಕಿದೆ. ಆದರೆ ಮಾತ್ರೆಗಳನ್ನೂ ಸಕ್ಕರೆ ಪರೀಕ್ಷಿಸುವ ಯಂತ್ರವನ್ನೂ ಅಲ್ಲೇ ಬಿಟ್ಟೆ. ಅವು ದ್ರವವೂ ಅಲ್ಲ, ಹೆಪ್ಪುಗಟ್ಟುವುದೂ ಇಲ್ಲ, ಇರಲಿ ಬಿಡು ಎಂದುಕೊಂಡೆ. ಬುದ್ಧಿ ಹೇಳಿದವರ ಮಾತನ್ನು ಅರ್ಧ ಮಾತ್ರ ಕೇಳುವುದು ನಮ್ಮಂಥ ಟೀಚರ್‌ಗಳ ಹಳೆಯ ರೋಗ.

ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆಯ ಪ್ರಯಾಣ. ಕೌಲಾಲಂಪುರದಲ್ಲಿ ಇಳಿದು ಬೆಲ್ಟಿನ ಮುಂದೆ ನಿಂತೆವು. ಮೂರು ಬ್ಯಾಗ್ ಬಂದವು. ಆ ದೊಡ್ಡ ಸೂಟ್‌ಕೇಸ್ ಬರಲಿಲ್ಲ. ಬೆಲ್ಟ್ ನಿಂತಿತು, ಜನ ಕರಗಿದರು, ನಾವು ನಿಂತೇ ಇದ್ದೆವು. ದೂರು ಬರೆದುಕೊಟ್ಟು ತಮ್ಮನ ಮನೆಗೆ ಹೋದೆವು. ಅದು ಬಂದದ್ದು ಮೂರನೆಯ ದಿನ ಸಂಜೆ. ಅದರಲ್ಲಿದ್ದುದು ಉಮ್ಮನ ಎಲ್ಲಾ ಬಟ್ಟೆ, ನನ್ನ ಹೆಚ್ಚಿನ ಬಟ್ಟೆ, ಮಾತ್ರೆಗಳು ಮತ್ತು ಆ ಯಂತ್ರ.

ಹೀಗಾಗಿ ಎರಡು ದಿನ ನಾನು ಮತ್ತು ಉಮ್ಮ ಪ್ರಯಾಣದ ಬುರ್ಖಾದಲ್ಲೇ ಕಳೆದೆವು. ದಪ್ಪ, ಕಪ್ಪು, ಪಾಲಿಸ್ಟರ್. ಇಸ್ತ್ರಿ ಬೇಡ, ಸುಕ್ಕಾಗುವುದಿಲ್ಲ ಎಂದು ನಾವೆಲ್ಲ ಇಷ್ಟಪಟ್ಟು ಕೊಳ್ಳುವ ಬಟ್ಟೆ ಅದು. ಆದರೆ ಪಾಲಿಸ್ಟರ್ ಬೆವರನ್ನು ಹೀರುವುದಿಲ್ಲ. ದಪ್ಪ ನೇಯ್ಗೆಯಲ್ಲಿ ಗಾಳಿಯೂ ಆಡುವುದಿಲ್ಲ. ಕಪ್ಪು ಬಣ್ಣ ಬಿಸಿಲನ್ನೆಲ್ಲ ಹೀರಿಕೊಳ್ಳುತ್ತದೆ. ಎರಡನೆಯ ದಿನ ನಗರದ ರಾಷ್ಟ್ರೀಯ ಮಸೀದಿಯನ್ನು ನೋಡಲು ಹೋದೆವು. ಬೆಳಗಿನ ಉಪಾಹಾರಕ್ಕೆ ಕೊಟ್ಟ ನಾಸಿ ಲೆಮಾಕ್ ಉಮ್ಮನಿಗೆ ಸೇರಲಿಲ್ಲ. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಜೊತೆಗೆ ಹುರಿದ ಸಣ್ಣ ಮೀನು ಮತ್ತು ಸಿಹಿ ಬೆರೆತ ಖಾರದ ಚಟ್ನಿ. ನಾಲ್ಕು ತುತ್ತು ತಿಂದು ಪ್ಲೇಟು ಸರಿಸಿದರು. ಇನ್ಸುಲಿನ್ ಮಾತ್ರ ಎಂದಿನಷ್ಟೇ ತೆಗೆದುಕೊಂಡಿದ್ದರು. ನಾನದನ್ನು ಗಮನಿಸಲಿಲ್ಲ.

ಮಸೀದಿ ಹತ್ತಿರವೇ ಎಂದು ರೈಲಿನಿಂದಿಳಿದು ನಡೆದೆವು. ಸಮಯ ಹನ್ನೆರಡೂವರೆ. ಆ ಮಸೀದಿ 1965ರಲ್ಲಿ ಆರಂಭವಾದದ್ದು. ನಾವು ಕಂಡಿರುವ ಗುಂಬಜ್ ಅಲ್ಲಿಲ್ಲ, ಅರೆಬರೆ ಬಿಚ್ಚಿದ ಕೊಡೆಯ ಆಕಾರದ ಛಾವಣಿ. ಪಕ್ಕದಲ್ಲಿ 73 ಮೀಟರ್ ಎತ್ತರದ ಮಿನಾರ, ಅದು ಮಡಚಿದ ಕೊಡೆಯಂತೆ. ಬಿಸಿಲು ಮಳೆಯ ನಾಡಿಗೆ ಇದಕ್ಕಿಂತ ಒಪ್ಪುವ ಆಕಾರ ಇನ್ನೊಂದಿರಲಾರದು. ಮಗಳು ಅದನ್ನು ತೋರಿಸುತ್ತಿದ್ದಾಗ ಉಮ್ಮ ನನ್ನ ಕೈ ಹಿಡಿದರು. ಕೈ ತಣ್ಣಗಿತ್ತು, ನಡುಗುತ್ತಿತ್ತು. ಮುಖವೆಲ್ಲ ಬೆವರು. “ಮಗಳೇ, ಕಣ್ಣು ಮಂಜಾಗುತ್ತಿದೆ” ಎಂದರು.

ಒಳಗೆ ಕರೆದೊಯ್ದು ಕೂರಿಸಿದೆವು. ನೆಲದ ಹಾಸುಗಲ್ಲು ತಣ್ಣಗಿತ್ತು, ಫ್ಯಾನ್ ತಿರುಗುತ್ತಿತ್ತು. ಆದರೆ ಇದು ಸೆಕೆಯ ಬವಳಿಯೋ, ಸಕ್ಕರೆ ಇಳಿದದ್ದೋ, ಏರಿದ್ದೋ? ಹೇಳಬೇಕಾದ ಯಂತ್ರ ಯಾವುದೋ ವಿಮಾನ ನಿಲ್ದಾಣದಲ್ಲಿ ಕುಳಿತಿತ್ತು. ಆ ಕೆಲವು ನಿಮಿಷಗಳನ್ನು ನಾನು ಮರೆಯಲಾರೆ. ತಮ್ಮ ಊರಿನ ಡಾಕ್ಟರರಿಗೆ ಫೋನ್ ಹಚ್ಚಿದ. ಅವರು ಹೇಳಿದ್ದು: ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಹೀಗಾದಾಗ ಪರೀಕ್ಷಿಸಲು ಸಾಧ್ಯವಿಲ್ಲವಾದರೆ ಸಕ್ಕರೆ ಇಳಿದಿದೆಯೆಂದೇ ತಿಳಿದು ಸಿಹಿ ಕೊಡಿ, ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಮಾತ್ರ. ಸ್ವಲ್ಪ ಹೊತ್ತು ಸಕ್ಕರೆ ಹೆಚ್ಚಾದರೆ ಅಂತಹ ನಷ್ಟವಿಲ್ಲ, ಇಳಿದದ್ದನ್ನು ಹಾಗೇ ಬಿಟ್ಟರೆ ಜೀವಕ್ಕೇ ಅಪಾಯ. ಪಕ್ಕದಲ್ಲಿ ಕುಳಿತಿದ್ದ ಒಬ್ಬ ಮಲಯ ಮಹಿಳೆಗೆ ನಮ್ಮ ಭಾಷೆ ಬಾರದು, ಆದರೆ ವಿಷಯ ಅರ್ಥವಾಯಿತು. ಎದ್ದು ಹೋಗಿ ಗುಲಾಬಿ ಬಣ್ಣದ ಸಿಹಿ ಶರಬತ್ತು ತಂದರು. ಉಮ್ಮನ ಮುಖಕ್ಕೆ ತಮ್ಮ ಬೀಸಣಿಗೆಯಿಂದ ಗಾಳಿ ಹಾಕಿದರು. ಹದಿನೈದು ನಿಮಿಷದಲ್ಲಿ ಉಮ್ಮ ಚೇತರಿಸಿಕೊಂಡರು, ಅಲ್‌ಹಮ್ದುಲಿಲ್ಲಾಹ್. ಕಡಿಮೆ ತಿಂದದ್ದು, ಹೆಚ್ಚು ನಡೆದದ್ದು, ಮೇಲಿಂದ ಸೆಕೆ. ಮೈ ಬಿಸಿಯಾದಾಗ ಇನ್ಸುಲಿನ್ ಬೇಗನೇ ರಕ್ತಕ್ಕೆ ಸೇರುತ್ತದೆಂದು ಡಾಕ್ಟರರು ಆಮೇಲೆ ವಿವರಿಸಿದರು.

ಅದೇ ದಿನ ಸಂಜೆ ಒಂದು ಕ್ಲಿನಿಕ್‌ಗೆ ಹೋದೆವು. ಬಿ.ಪಿ. ಮಾತ್ರೆಯೂ ಸೂಟ್‌ಕೇಸಿನಲ್ಲೇ ಇತ್ತಲ್ಲ. ಡಾಕ್ಟರರ ಚೀಟಿಯನ್ನು ತೋರಿಸಿದರೆ ಅದರಲ್ಲಿದ್ದುದು ನಮ್ಮ ದೇಶದ ಕಂಪೆನಿಯೊಂದು ಇಟ್ಟ ಹೆಸರು. ಅಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ. ಒಳಗಿರುವ ಔಷಧದ ಮೂಲ ಹೆಸರೇನು ಎಂದು ಕೇಳಿದರು. ಊರಿನ ಮೆಡಿಕಲ್ ಅಂಗಡಿಗೆ ಫೋನ್ ಮಾಡಿ ಕೇಳಿ ಹೇಳಬೇಕಾಯಿತು. ಆದ್ದರಿಂದ ಸಹೋದರಿಯರೇ, ಹೊರಡುವ ಮೊದಲು ನಿಮ್ಮ ಡಾಕ್ಟರರಿಂದ ಔಷಧದ ಮೂಲ ಹೆಸರು, ಪ್ರಮಾಣ ಎರಡನ್ನೂ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಸಹಿ ಮಾಡಿಸಿಕೊಳ್ಳಿ. ಒಂದು ಪ್ರತಿ ಕೈಚೀಲದಲ್ಲಿ, ಒಂದು ಫೋಟೊ ಮೊಬೈಲಿನಲ್ಲಿ. ಔಷಧಗಳೆಲ್ಲವೂ ಅಂಗಡಿಯ ಮೂಲ ಪೊಟ್ಟಣದಲ್ಲೇ ಇರಲಿ, ಪ್ರಯಾಣದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚು ಇರಲಿ, ಮತ್ತು ಎಲ್ಲವೂ ಕೈಚೀಲದಲ್ಲೇ ಇರಲಿ. ಜೊತೆಗೆ ಒಂದಿಷ್ಟು ಗ್ಲುಕೋಸ್ ಅಥವಾ ಸಕ್ಕರೆ. ಮಲೇಷ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಔಷಧದ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ಮೊದಲೇ ಕೇಳಿಕೊಳ್ಳಿ.

ಬಳಸುತ್ತಿರುವ ಇನ್ಸುಲಿನ್ ಬಾಟಲಿಗೆ ಸಾಮಾನ್ಯವಾಗಿ ಮಂಜುಗಡ್ಡೆ ಬೇಡ. ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ. ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬಾರದು. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಿ ಅಲ್ಲ. ಫ್ರಿಜ್ ಇಲ್ಲದ ಮನೆಗಳಲ್ಲಿ ಇನ್ಸುಲಿನನ್ನು ಮಣ್ಣಿನ ಮಡಕೆಯಲ್ಲಿಡುವ ಕ್ರಮ ನಮ್ಮಲ್ಲಿದೆ. ಅದು ಒಣ ಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸೆಕೆಯ ನಾಡಿನಲ್ಲಿ ಮಡಕೆಯ ನೀರೂ ನಮ್ಮ ಬೆವರಿನಂತೆಯೇ, ಸರಿಯಾಗಿ ಆರದು, ಅಷ್ಟು ತಂಪಾಗದು.

ಇನ್ನು ಉಡುಪಿನ ವಿಷಯ. ಆ ಘಟನೆಯ ನಂತರ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ಹತ್ತಾರು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಉಡುಪು ಮೈ ಮುಚ್ಚಬೇಕು, ಸಡಿಲವಾಗಿರಬೇಕು, ಪಾರದರ್ಶಕವಾಗಿರಬಾರದು ಎಂದು ಹೇಳಿದ್ದೇನೆ. ಪಾಲಿಸ್ಟರ್ ಆಗಿರಬೇಕು, ಕಪ್ಪೇ ಆಗಿರಬೇಕು ಎಂದು ಯಾವ ಕಿತಾಬಿನಲ್ಲೂ ಓದಿಲ್ಲ. ಆದರೂ ಉಮ್ಮನಿಗಾಗಿ ಅಂಗಡಿಗೆ ಹೋದಾಗ ಕೈ ಚಾಚಿದ್ದು ಅದಕ್ಕೇ. ಅಲ್ಲಿಯ ಮಹಿಳೆಯರು ಬಾಜು ಕುರುಂಗ್ ಎಂಬ ಉಡುಪು ತೊಡುತ್ತಾರೆ. ಮೊಣಕಾಲಿನವರೆಗೆ ಬರುವ ಸಡಿಲ ಅಂಗಿ, ಪಾದದವರೆಗೆ ಲಂಗ, ತಲೆಗೆ ತುಡುಂಗ್ ಎಂಬ ವಸ್ತ್ರ. ಹಸಿರು, ತಿಳಿ ನೀಲಿ, ಹೂವಿನ ಚಿತ್ತಾರ. ಶಾಲೆಯ ಮಕ್ಕಳಿಗೂ ಕಚೇರಿಯ ಅಧಿಕಾರಿಗಳಿಗೂ ಅದೇ. ಆ ಹವೆಯಲ್ಲಿ ತಲೆಮಾರುಗಳಿಂದ ಬಾಳಿದವರ ಬುದ್ಧಿವಂತಿಕೆ ಅದರಲ್ಲಿದೆ.

ಮರುದಿನ ಜಾಲನ್ ಮಸ್ಜಿದ್ ಇಂಡಿಯಾ ಎಂಬ ಬಟ್ಟೆ ಅಂಗಡಿಗಳ ಬೀದಿಗೆ ಹೋಗಿ ಉಮ್ಮನಿಗೆ ತೆಳು ಹತ್ತಿಯದೊಂದು ಕೊಂಡೆವು. ಮೊದಲು ಒಪ್ಪಲಿಲ್ಲ. “ಈ ವಯಸ್ಸಿನಲ್ಲಿ ನನಗೆ ಹೂವಿನದ್ದೇ?” ಎಂದರು. ಅಂಗಡಿಯಲ್ಲಿ ಅವರಿಗಿಂತ ಹಿರಿಯರೊಬ್ಬರು ಅದಕ್ಕಿಂತ ದೊಡ್ಡ ಹೂವಿನದ್ದನ್ನು ಆರಿಸುತ್ತಿದ್ದುದನ್ನು ಕಂಡ ಮೇಲೆ ಸುಮ್ಮನಾದರು.

ನೀವು ಹೊರಡುವಾಗ ತೆಳುವಾದ ಹತ್ತಿ ಅಥವಾ ರೇಯಾನ್ ಬಟ್ಟೆಯ, ತಿಳಿ ಬಣ್ಣದ, ಸಡಿಲವಾದ ನಾಲ್ಕು ಜೊತೆ ಉಡುಪು ಸಾಕು. ಹತ್ತು ಜೊತೆ ಬೇಡ, ದಿನಾ ಒಗೆದುಹಾಕಿದರೆ ನಡೆಯುತ್ತದೆ. ಬಟ್ಟೆ ತೆಳುವಾದಷ್ಟೂ ಒಳಗೊಂದು ಪದರ ಬೇಕೇ ಎಂದು ಬೆಳಕಿಗೆ ಹಿಡಿದು ನೋಡಿಕೊಳ್ಳಿ. ಮಕ್ಕಳ ಜೀನ್ಸ್ ಪ್ಯಾಂಟನ್ನು ಮನೆಯಲ್ಲೇ ಬಿಡಿ. ಒಮ್ಮೆ ನೆನೆದರೆ ಆ ಹವೆಯಲ್ಲಿ ಎರಡು ದಿನವಾದರೂ ಒಣಗದು, ವಾಸನೆ ಬರುತ್ತದೆ. ತಲೆಯ ವಸ್ತ್ರವನ್ನು ಉಡುಪಿಗಿಂತ ಎರಡು ಹೆಚ್ಚು ಇಟ್ಟುಕೊಳ್ಳಿ, ಮೊದಲು ಒದ್ದೆಯಾಗುವುದು ಅದೇ. ಒಂದು ಜೊತೆ ಉಡುಪು, ಒಳ ಉಡುಪು ಕೈಚೀಲದಲ್ಲಿರಲಿ. ಯಾಕೆಂದು ಮತ್ತೆ ಹೇಳಬೇಕಾಗಿಲ್ಲ ತಾನೆ?

ಸೆಕೆಯ ನಾಡಿಗೆ ಸ್ವೆಟರ್ ಯಾಕೆ ಎಂದು ನಗಬೇಡಿ. ಬಸ್ಸು, ರೈಲು, ಅಂಗಡಿ ಸಂಕೀರ್ಣಗಳಲ್ಲಿ ಎ.ಸಿ.ಯನ್ನು ಎಷ್ಟು ಜೋರಾಗಿ ಹಾಕುತ್ತಾರೆಂದರೆ, ಬೆವರಿದ ಮೈಯಲ್ಲಿ ಒಳಹೊಕ್ಕರೆ ಹಲ್ಲು ಕಟಕಟಿಸುತ್ತದೆ. ಮಲಾಕ್ಕಾಕ್ಕೆ ಹೋದ ಬಸ್ಸಿನಲ್ಲಿ ಎರಡು ಗಂಟೆ ಉಮ್ಮ ನನ್ನ ಶಾಲನ್ನೂ ಮಗಳ ಶಾಲನ್ನೂ ಹೊದ್ದು ಕುಳಿತಿದ್ದರು. ಆ ಊರಿನಲ್ಲಿ ಕಂಪೊಂಗ್ ಕ್ಲಿಂಗ್ ಮಸೀದಿ ನೋಡಲೇಬೇಕಾದದ್ದು. 1748ರಲ್ಲಿ ಭಾರತೀಯ ಮುಸ್ಲಿಮ್ ವ್ಯಾಪಾರಿಗಳು ಮರದಿಂದ ಕಟ್ಟಿದ್ದನ್ನು 1872ರಲ್ಲಿ ಇಟ್ಟಿಗೆಯಿಂದ ಮತ್ತೆ ಕಟ್ಟಿದರು. ಮೂರು ಅಂತಸ್ತಿನ ಇಳಿಜಾರು ಮಾಡು, ನಮ್ಮ ಕರಾವಳಿಯ ಹಳೆಯ ಪಳ್ಳಿಗಳನ್ನು ಕಂಡವರಿಗೆ ಪರಿಚಿತವೆನಿಸುತ್ತದೆ. ಮಳೆ ಜೋರಾಗಿ ಸುರಿಯುವ ಊರುಗಳ ಮಾಡು ಎಲ್ಲಿದ್ದರೂ ಒಂದೇ ತರಹ.

ಕೊಡೆಯೆಂದರೆ ಮಡಚುವ ಸಣ್ಣ ಕೊಡೆ, ಬಿಸಿಲಿಗೂ ಮಳೆಗೂ. ಕಾಲಿಗೆ ಸುಲಭವಾಗಿ ಕಳಚುವ, ನೀರು ತಾಗಿದರೂ ಕೆಡದ ಚಪ್ಪಲಿ. ಮನೆ, ಮಸೀದಿ ಎಲ್ಲೆಡೆ ಕಳಚಿಟ್ಟೇ ಒಳಹೋಗಬೇಕು. ಚರ್ಮದ ಬೂಟು ಹಾಕಿಕೊಂಡು ಹೋದ ನನ್ನ ಪತಿಗೆ ದಿನಕ್ಕೆ ಹತ್ತು ಬಾರಿ ಲೇಸು ಕಟ್ಟುವ ಶಿಕ್ಷೆಯಾಯಿತು. ಕಾಲ್ಬೆರಳ ಸಂದಿಯನ್ನು ರಾತ್ರಿ ಒರೆಸಿ ಪೌಡರ್ ಹಾಕಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಬಿಸಿಯಾದ ನೆಲದ ಮೇಲೆ ನಡೆಯದಂತೆ ನೋಡಿಕೊಳ್ಳಿ, ಸ್ಪರ್ಶ ಕಡಿಮೆಯಾದ ಪಾದಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲ. ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬೇಡಿ. ಡೆಂಗ್ಯೂ ಅಲ್ಲಿ ಇದೆ, ಅದರ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಬಿಸಿಲಿಗೆ ಹಚ್ಚುವ ಕ್ರೀಮಿನ ಬಗ್ಗೆ ವಿದ್ಯಾರ್ಥಿನಿಯರು ಕೇಳುತ್ತಿರುತ್ತಾರೆ. ವುಝೂ ಮಾಡಿದ ನಂತರ ಹಚ್ಚಿಕೊಳ್ಳಿ. ನೀರಿಗೆ ಹೋಗದಂತಹ, ಮೇಲೊಂದು ಪದರ ಕಟ್ಟುವ ನಮೂನೆಯದಾದರೆ ಮುಂದಿನ ವುಝೂಗೆ ಮೊದಲು ಸೋಪಿನಿಂದ ತೊಳೆದುಬಿಡಿ.

ನಮಾಝಿಗಾಗಿ ದಪ್ಪ ಮುಸಲ್ಲಾ ಹೊತ್ತುಕೊಂಡು ಹೋಗಬೇಕಾಗಿಲ್ಲ. ಪೆಟ್ರೋಲ್ ಬಂಕ್, ಹೆದ್ದಾರಿಯ ತಂಗುದಾಣ, ಅಂಗಡಿ ಸಂಕೀರ್ಣ, ಎಲ್ಲಿಯೂ ‘ಸುರಾವ್’ ಎಂಬ ನಮಾಝ್ ಕೋಣೆಗಳಿವೆ. ಮಹಿಳೆಯರಿಗೆ ಪ್ರತ್ಯೇಕ ಭಾಗ, ‘ವನಿತಾ’ ಎಂದೇ ಬರೆದಿರುತ್ತದೆ, ನಮ್ಮ ಕಣ್ಣಿಗೆ ಕನ್ನಡವೇ! ಅಲ್ಲಿ ತೆಲೆಕುಂಗ್ ಎಂಬ ಬಿಳಿ ನಮಾಝ್ ಉಡುಪನ್ನು ತೂಗುಹಾಕಿರುತ್ತಾರೆ. ಎಲ್ಲರೂ ಬಳಸುವುದರಿಂದ ಬೆವರು ತಾಗಿರಬಹುದು, ನಿಮ್ಮದೇ ಒಂದು ತೆಳುವಾದದ್ದು ಚೀಲದಲ್ಲಿದ್ದರೆ ಒಳ್ಳೆಯದು. ಹೋಟೆಲ್ ಕೋಣೆಗಳ ಛಾವಣಿಯಲ್ಲಿ ‘ಕಿಬ್ಲಾತ್’ ಎಂದು ಬಾಣದ ಗುರುತು ಇರುತ್ತದೆ. ಶೌಚಾಲಯಗಳಲ್ಲಿ ನೀರಿನ ಪೈಪು ಇರುತ್ತದೆ, ಮಗ್ಗು ಕೊಂಡುಹೋಗಬೇಡಿ. ನಾನು ಕೊಂಡುಹೋಗಿದ್ದೆ.

ಉಮ್ಮನಂಥವರಿಗೆ ಅಲ್ಲಿಯ ಚಹಾದ ವಿಷಯದಲ್ಲಿ ಎಚ್ಚರ ಬೇಕು. ತೇ ತಾರಿಕ್ ಎಂದರೆ ಕಂಡೆನ್ಸ್ಡ್ ಹಾಲು ಹಾಕಿ ಎತ್ತರದಿಂದ ಸುರಿದು ನೊರೆ ಬರಿಸಿದ ಚಹಾ. ಅದರಲ್ಲಿ ಸಿಹಿ ಮೊದಲೇ ಬೆರೆತಿರುತ್ತದೆ. ಎರಡು ಮಾತು ಕಲಿತುಕೊಳ್ಳಿ: ‘ಕುರಾಂಗ್ ಮಾನಿಸ್’ ಅಂದರೆ ಸಿಹಿ ಕಡಿಮೆ, ‘ತೇ ಓ ಕೊಸೊಂಗ್’ ಅಂದರೆ ಹಾಲೂ ಸಕ್ಕರೆಯೂ ಇಲ್ಲದ ಬರೀ ಚಹಾ. ಉಮ್ಮ ಎರಡನೆಯದನ್ನು ಎರಡೇ ದಿನದಲ್ಲಿ ಕಲಿತರು. ಚಾರ್ಜರಿಗೆ ಅಲ್ಲಿ ಚೌಕಾಕಾರದ ಮೂರು ಕಡ್ಡಿಯ ಪ್ಲಗ್ ಬೇಕು. ದುಬೈಯಿಂದ ಬಂದವರ ಮನೆಯ ಡ್ರಾಯರಿನಲ್ಲಿ ಹುಡುಕಿದರೆ ಅಂಥದ್ದು ಸಿಗುತ್ತದೆ. ಕಾಗದಪತ್ರದ ಬಗ್ಗೆ ಇಷ್ಟೇ: ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ವಿನಾಯಿತಿ ಕೊಟ್ಟರು. ನೀವು ಟಿಕೆಟ್ ಮಾಡುವಾಗ ಅದು ಮುಂದುವರಿದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಳಿಯುವ ಮೊದಲಿನ ಮೂರು ದಿನಗಳೊಳಗೆ ಆಗಮನದ ಫಾರ್ಮನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಸರಕಾರದ ಆ ಫಾರ್ಮ್ ಉಚಿತ, ಹಣ ಕೇಳಿದರೆ ಅದು ಬೇರೆ ಯಾರೋ.

ಕೊನೆಗೆ, ಹಾಕಬಾರದ ಒಂದು ವಸ್ತುವಿನ ಬಗ್ಗೆ. ಹೊರಡುವ ದಿನ ಬೆಳಿಗ್ಗೆ ದೂರದ ಸಂಬಂಧಿಯೊಬ್ಬರು ಒಂದು ಡಬ್ಬಿ ತಂದರು. ಅಲ್ಲಿರುವ ಅವರ ಮಗನಿಗೆ ಕೆಮ್ಮಿಗೆ ಕಷಾಯದ ಪುಡಿ, ಮನೆಯಲ್ಲೇ ಮಾಡಿದ್ದು. ನಾನು ಅವರ ಕೈ ಹಿಡಿದು ಆಗುವುದಿಲ್ಲ ಎಂದೆ. ಮಾದಕ ವಸ್ತುವಿನ ಬಗ್ಗೆ ಮಲೇಷ್ಯಾದ ಕಾನೂನು ಬಹಳ ಕಠಿಣ. ಸಾಗಾಟಕ್ಕೆ ಮರಣದಂಡನೆಯನ್ನೇ ಕೊಡಬೇಕೆಂಬ ಕಡ್ಡಾಯ 2023ರಲ್ಲಿ ಹೋಯಿತು, ಆದರೆ ಆ ಶಿಕ್ಷೆ ಕಾನೂನಿನಿಂದ ಹೋಗಿಲ್ಲ. ಹೆಸರಿನ ಚೀಟಿಯಿಲ್ಲದ ಪುಡಿ ಏನೆಂದು ವಿಮಾನ ನಿಲ್ದಾಣದಲ್ಲಿ ನಾನು ಹೇಗೆ ಸಾಬೀತುಪಡಿಸಲಿ? ಆ ತಾಯಿಯಲ್ಲಿ ನನಗೆ ಒಂದಿಷ್ಟೂ ಸಂಶಯವಿರಲಿಲ್ಲ. ಆದರೂ ಒಳಗೇನಿದೆಯೆಂದು ತೋರಿಸಿ ಹೇಳಲಾಗದ ವಸ್ತುವನ್ನು ಅಮಾನತ್ ಎಂದು ಹೊರಲು ನನಗೆ ಧೈರ್ಯವಾಗಲಿಲ್ಲ. ಅವರು ಡಬ್ಬಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಮಾತಿಲ್ಲದೆ ಹೋದರು. ಹಿಂದಿರುಗಿದ ಮೇಲೆ ಅವರ ಮಗನನ್ನು ಕಂಡು ತೆಗೆದ ಫೋಟೊ ಕೊಂಡು ಅವರ ಮನೆಗೆ ಹೋದೆ. ಚಹಾ ಕೊಟ್ಟರು, ಮಾತಾಡಿಸಿದರು. ಮೊದಲಿನ ಸಲಿಗೆ ಇನ್ನೂ ಬಂದಿಲ್ಲ. ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ, ಆದರೆ ಮತ್ತೊಮ್ಮೆ ಅದೇ ಸಂದರ್ಭ ಬಂದರೆ ಅದನ್ನೇ ಮಾಡುತ್ತೇನೆ.

ಅಂದು ಉಮ್ಮ ತಮ್ಮನಿಗಾಗಿ ಕಟ್ಟಿಟ್ಟಿದ್ದ ಒಣಮೀನಿನ ಪೊಟ್ಟಣವನ್ನೂ ನಾನು ಹೊರಗೆ ತೆಗೆದಿದ್ದೆ. ಮೀನು, ಮಾಂಸ, ಬೀಜ, ಗಿಡ ಇವುಗಳಿಗೆಲ್ಲ ಅಲ್ಲಿ ಅನುಮತಿಯ ತಕರಾರು ಇರುತ್ತದೆಂದು ತಮ್ಮನೇ ಫೋನಿನಲ್ಲಿ ಹೇಳಿದ್ದ. ಉಮ್ಮನಿಗೆ ಆ ಬೇಸರ ಇನ್ನೂ ಇದೆ. ತಮ್ಮ ಮತ್ತೆ ಕರೆಯುತ್ತಿದ್ದಾನೆ, ಮುಂದಿನ ರಜೆಯಲ್ಲಿ ಹೋಗುವ ಮಾತು ನಡೆಯುತ್ತಿದೆ, ಇನ್‌ಶಾ ಅಲ್ಲಾಹ್. ಮೊನ್ನೆ ಉಮ್ಮ ಆ ಹೂವಿನ ಉಡುಪನ್ನು ಒಗೆದು ಮಡಚಿಟ್ಟು, ಸಕ್ಕರೆ ನೋಡುವ ಯಂತ್ರವನ್ನು ತಾವೇ ಕೈಚೀಲಕ್ಕೆ ಹಾಕಿ ಕೇಳಿದರು: “ಸಣ್ಣದೊಂದು ಪೊಟ್ಟಣ ಒಣಸಿಗಡಿ ಇಟ್ಟರೆ ಯಾರಿಗೆ ಗೊತ್ತಾಗುತ್ತದೆ, ಮಗಳೇ?”